ತುಟಿ ಒಡೆದ ಕವಡಿ

ಚಂಪವ್ವತ್ತಿಯ ಡಬ್ಬಿಯೊಳಗ ನಾಕು ಕವಡಿ.
ಒಂದರ ತುಟಿ ಒಡದೈತಿ.
ಆಕಿಗೆ ಬೇಕಾದಾಗೆಲ್ಲಾ ಅದು ಅಂಗಾತ ಬೀಳತೈತಿ,
ನಮಗ ಬ್ಯಾಡಾದರೂ.

ನವನಗರದ ಮೂವತ್ತೇಳನೇ ಸೆಕ್ಟರು,
ಸಿಮೆಂಟ ಕಟ್ಟಿ ಮ್ಯಾಲ ಸುಣ್ಣದ ಕಡ್ಡೀಲೆ ಬರದ ಇಪ್ಪತ್ತೈದು ಮನಿ.
ಹಳೇ ಮನಿ ಕಿಲ್ಲಾದಾಗಿತ್ತು.
ಅಲ್ಲಿ ಹೊಸ್ತಲ ಮುಂದಿನ ಕಲ್ಲಿನ್ಯಾಗ
ಯಾವಕೋ ಮುತ್ತಜ್ಜಿ ಕೊರಸಿದ ಚೌಕಾಬಾರ
ಈಗ ಹಿನ್ನೀರಿನ ಮೀನು ಆಡತಾವ.

ಬಾಜೂ ಮನಿ ಖತೀಜಾ
ಹನ್ನೊಂದು ವರ್ಷ ಮಾಲೆಯ ದವಾಖಾನ್ಯಾಗ ನರ್ಸ ಆಗಿ
ಮೊನ್ನೆ ಬಂದಾಕಿ,
ಕವಡಿ ಹೊಳ್ಳಿಸಿ ನೋಡಿ ಅಂದಳು:
'ಇವು ನಾ ಇದ್ದ ದೇಶದ್ದು, ಅತ್ತಿ.'
'ಹೋಗ ನಿನ್ನ, ಸಂತ್ಯಾಗ ತಂದದ್ದು.'
'ಸಂತಿಗೆ ಎಲ್ಲಿಂದ ಬಂದವು?'

ತೆಂಗಿನ ಗರಿ ಕಟ್ಟಿ ಕಡಲಿಗೆ ಬಿಡತಿದ್ರಂತ.
ಹುಳ ಬಂದು ಗರಿಗೆ ಅಂಟತಿದ್ವಂತ.
ಕಿತ್ತು ಉಸುಕಿನ್ಯಾಗ ಹೂಳತಿದ್ರು,
ಮಾಂಸ ಕೊಳತು
ರೊಕ್ಕ ಉಳಿಯೂತನಕ.
ಆ ರೊಕ್ಕ ಹಡಗ ಹತ್ತಿ ಬಂಗಾಳಕ್ಕ ಹೋಗಿ
ಅಕ್ಕಿ ಆಗಿ ಮರಳತಿತ್ತು.
ಇನ್ನೂ ಮುಂದ ಹ್ವಾದದ್ದು, ಆಫ್ರಿಕಾದಾಗ,
ಮನಿಷ್ಯಾರನ್ನ ಕೊಂಡಿತು.

ಅತ್ತಿ ಕುಲುಕೂದು ನಿಲ್ಲಿಸಿದಳು.
ಅಂಗೈ ಬಿಚ್ಚಿ ವಾಸನಿ ನೋಡಿದಳು.
ಇಷ್ಟ ದಿನ ನಾವು
ಕವಡಿ ಕಿಮ್ಮತ್ತಿಲ್ಲ ಅಂತ ಬೈದದ್ದು ಯಾರನ್ನ?

'ಅಲ್ಲಿ ಹೊಳಿ ಎಷ್ಟ ದೊಡ್ಡದು?'
'ಸಾವಿರದ ಮ್ಯಾಲ ನಡುಗಡ್ಡಿ. ಹೊಳಿ ಒಂದೂ ಇಲ್ಲ.'
'ಮತ್ತ ಅರಿವಿ ಎಲ್ಲಿ ಒಗೀತಾರ?'

ಖತೀಜಾ ನಕ್ಕು ತನ್ನ ಹೆಸರಿನಾಕಿಯ ಕಥಿ ತಗದಳು.
ಏಳುನೂರು ವರ್ಷದ ಹಿಂದ ಅಲ್ಲಿ ರಾಣಿ ಖದೀಜಾ.
ಒಬ್ಬ ಗಂಡ ಪಟ್ಟ ಕಸಗೊಂಡ, ಆಕಿ ಮತ್ತ ಏರಿದಳು.
ಇನ್ನೊಬ್ಬ ಗಂಡ ಕಸಗೊಂಡ.
ಮತ್ತ ಏರಿದಳು.
'ಎರಡ ಸಲ ಹೊಡಿಸಿಕೊಂಡ ಕಾಯಿ,' ಅತ್ತಿ ಅಂದಳು,
'ಮನಿಯಿಂದ ಹೊಂಟು ಹಣ್ಣಾತು ನೋಡ.
ಗಂಡಂದಿರು ಏನಾದ್ರು?'
'ಅದನ್ನ ಕೇಳಬ್ಯಾಡ.'

ಅವರ ಲಿಪಿ ಬಲಕ್ಕಿಂದ ಎಡಕ್ಕ,
ಮೊದಲಿನ ಒಂಬತ್ತು ಅಕ್ಷರ ಅಂಕಿಯಿಂದ ಹುಟ್ಟಿದ್ದು:
ಒಂದು ಅಂದ್ರ ಹ, ಐದು ಅಂದ್ರ ಬ, ಒಂಬತ್ತು ಅಂದ್ರ ವ.
ಕೇಳಿದ್ದ ತಡ ನನಗ ಅಪ್ಪ ನೆನಪಾದ.
ಸರ್ವೇದಾಗ ಚೈನು ಹಿಡಿಯೂ ಕೆಲಸ ಅವಂದು.
ಮುಳುಗೂ ಮನಿಗೆಲ್ಲಾ ಕೆಂಪು ಬಣ್ಣಲೆ ಬರಕೋತ ಬಂದು
ಕಡೀಕ ನಮ್ಮ ಗ್ವಾಡಿಗೂ ತಾನ ಬರದ: ೫೧೯.
ಬಾಜೂಕ ಒಂದು ಗುಣಾಕಾರ.
ಅವತ್ತ ಉಣ್ಣಲಿಲ್ಲ.
ಖತೀಜಾ ಅದನ್ನ ಬಲಕ್ಕಿಂದ ಓದಿದಳು: ವ, ಹ, ಬ.
'ಅರ್ಥ?'
'ಏನಿಲ್ಲ. ನಮ್ಮ ವಹಾಬ ಕಾಕಾನ್ನ ಕರದಂಗ ಕೇಳತೈತಿ.'

ಆ ದೇಶದ ಎಲ್ಲಾಕಿಂತ ಎತ್ತರದ ಜಾಗಾ
ಒಬ್ಬನ ಹೆಗಲ ಮ್ಯಾಲ ಕೂಸು ಕುಂತಷ್ಟು.
ನಮ್ಮ ಡ್ಯಾಮ ಇನ್ನೂ ಐದು ಮೀಟರ ಏರಸೂ ಮಾತೈತಿ.
ಆ ಐದರೊಳಗ
ಅವರ ದೇಶ ಎರಡ ಸಲ ಮುಳುಗತೈತಿ.

ಅಲ್ಲಿ ಮಂತ್ರಿಗಳು ಒಮ್ಮೆ
ಬೆನ್ನಿಗೆ ಗಾಳಿ ಡಬ್ಬಿ ಕಟಗೊಂಡು
ಕಡಲ ತಳದಾಗ ಮೇಜು ಹಾಕಿ ಕುಂತು
ಕಾಗದಕ್ಕ ಸಹಿ ಮಾಡಿದ್ರಂತ,
ಜಗತ್ತು ನೋಡಲಿ ಅಂತ.
ಅತ್ತಿ ಭಾಳ ಹೊತ್ತು ಮಾತಾಡಲಿಲ್ಲ.
'ನಮ್ಮಾವ್ರು ಮ್ಯಾಲ ಕುಂತು ಸಹಿ ಮಾಡಿದ್ರು,
ಕೆಳಗ ಹ್ವಾದಾವ್ರು ನಾವು.'

ಆಮ್ಯಾಲ ಹಾಕಿದಳು.
ನಾಕೂ ಬೋರಲ ಬಿದ್ದವು, ಒಡಕ ತುಟೀದೂ.
ಬಾರಾ. ಎಂಟು.
ಹಸರ ಬಳಿಚೂರು ಎತ್ತಿ ಎಂಟ ಮನಿ ಎಣಿಸಿ
ಗುಣಾಕಾರ ಹಾಕಿದ ಕಟ್ಟಿಗೆ ಇಟ್ಟಳು.
ಅಲ್ಲಿದ್ದಾವ್ರನ್ನ ಯಾರೂ ಹೊಡಿಯೂಹಂಗಿಲ್ಲ.
'ಇದನ್ನ ಇನ್ನ ಸರಸೂದಿಲ್ಲ ನಾ.'

ಆಟದಾಗ ಹಂಗ ಇಲ್ಲ.
ಖತೀಜಾ ನನ್ನ ಮಾರಿ ನೋಡಿದಳು,
ನಾ ಕವಡಿ ಕೂಡಸಾಕತ್ತಿದೆ.